ದುಂಡಪ್ಪನ ಹಸಿರು ಖಣ

ಬೆಟಗೇರಿಯ ಉಳವಪ್ಪನವರು ಚಹಾಪುಡಿ ತರಲು ಹೊರಗೆ ಕಾಲಿಟ್ಟರೂ ಸಾಕು, ಓಣಿಯ ಯಾವುದಾದರೊಂದು ಕಟ್ಟೆಯ ಮೇಲಿಂದ ಯಾರಾದರೊಬ್ಬರು ಎರಡೂ ಕೈ ತಲೆಯ ಮೇಲೆ ಹೊತ್ತು, ಕಣ್ಣು ಅಗಲಿಸಿ, "ಇಲ್ಲೇ ಇತ್ತಲ್ರೀ!" ಎಂದು ಕೂಗುತ್ತಿದ್ದರು. ಬೇರೆಯವರಿಗೆ "ಶರಣ್ರಿ" ಅನ್ನುವ ಊರು ಅವರಿಗೆ ಮಾತ್ರ ಹೀಗೆ ನಮಸ್ಕಾರ ಹೇಳುತ್ತಿತ್ತು. ಉಳವಪ್ಪನವರು ಒಣ ನಗೆ ನಕ್ಕು ಮುಂದೆ ಹೋಗುತ್ತಿದ್ದರು. ಒಳಗೊಳಗೆ ಹಲ್ಲು ಕಡಿಯುತ್ತಿದ್ದರು.

ತಪ್ಪು ಅವರದೇ. ಊರಿಗೆಲ್ಲ ಒಂದೇ ಚಾನೆಲ್ಲು ಇದ್ದ ಕಾಲದಲ್ಲಿ ಟಿ.ವಿ.ಯಲ್ಲಿ 'ಸಾಹೇಬರು ಊಟಕ್ಕ ಹೋಗ್ಯಾರ' ಎಂಬ ನಗೆ ಧಾರಾವಾಹಿ ಬರುತ್ತಿತ್ತು. ಅದರಲ್ಲಿ ಉಳವಪ್ಪನವರದು ಸಿಪಾಯಿ ದುಂಡಪ್ಪನ ಪಾತ್ರ. ಸಾಹೇಬರು "ಆ ಫೈಲ್ ಎಲ್ಲಿ ದುಂಡಪ್ಪ?" ಎಂದು ಕೇಳಬೇಕು, ದುಂಡಪ್ಪ ತಲೆ ಮೇಲೆ ಕೈ ಹೊತ್ತು "ಇಲ್ಲೇ ಇತ್ತಲ್ರೀ!" ಅನ್ನಬೇಕು. ಇಷ್ಟೇ ಪಾತ್ರ. ಫೈಲು ಪ್ರತಿ ಸಲ ಅವನ ಕಂಕುಳಲ್ಲೇ ಇರುತ್ತಿತ್ತು. ಧಾರಾವಾಹಿ ನಿಂತಿತು, ಸಾಹೇಬರ ಪಾತ್ರ ಮಾಡಿದವರನ್ನು ಜನ ಮರೆತರು. ಉಳವಪ್ಪನವರು ಬೆಟಗೇರಿಯ ನೇಕಾರರ ಅಂಗಡಿಯಲ್ಲಿ ಸೀರೆ, ರವಿಕೆಯ ಖಣ ಮಾರುವ ತಮ್ಮ ಮೊದಲಿನ ಕೆಲಸಕ್ಕೆ ಮರಳಿ, ಅಲ್ಲಿಂದ ನಿವೃತ್ತರೂ ಆದರು. ಆ ಒಂದು ಮಾತು ಮಾತ್ರ ಅವರ ಬೆನ್ನು ಬಿಡಲಿಲ್ಲ.

ಇಂಥ ಉಳವಪ್ಪನವರಿಗೆ ಜಾದೂ ಬರುತ್ತದೆ ಎಂಬುದು ಬಹಳ ಜನರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ನಂಬುತ್ತಿರಲಿಲ್ಲ. ಶೂಟಿಂಗಿನ ಬಿಡುವಿನಲ್ಲಿ ಮೇಕಪ್ಪಿನ ಅಝೀಮ ಎಂಬಾತ ನಾಣ್ಯ ಮಾಯ ಮಾಡುವುದನ್ನು ಕಲಿಸಿದ್ದ. ಅಂದಿನಿಂದ ಅವರಿಗೆ ನಟನೆ ಹೊಟ್ಟೆಪಾಡು, ಜಾದೂ ಪ್ರಾಣ. ಆದರೆ ಅವರ ಹಣೆಬರಹ ನೋಡಿ. ಒಮ್ಮೆ ಓಣಿಯ ಗಣಪತಿ ಹಬ್ಬದಲ್ಲಿ ಕರಿ ಕೋಟು ಹಾಕಿಕೊಂಡು ಇಸ್ಪೀಟು ಎಲೆಯೊಂದನ್ನು ಎಲ್ಲರ ಕಣ್ಣೆದುರು ಮಾಯ ಮಾಡಿದರು. ಆಟ ಪಕ್ಕಾ ಬಂತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಮುಂದಿನ ಸಾಲಿನಲ್ಲಿ ಕೂತ ಒಬ್ಬ ತನ್ನ ಹೆಂಡತಿಗೆ, "ಎಷ್ಟ ಚಂದ ತಪ್ಪ ಮಾಡ್ತಾನ ನೋಡ!" ಎಂದ. ಆ ಮಾತು ಉಳವಪ್ಪನವರ ಎದೆಯಲ್ಲಿ ಮುಳ್ಳಾಗಿ ಕೂತಿತು.

ಅವರಿಗೆ ಆಸ್ತಿ ಬೇಡ, ಹಾರ ತುರಾಯಿ ಬೇಡ. ಒಬ್ಬನೇ ಒಬ್ಬ ಮನುಷ್ಯ, ಬೇಕಾದರೆ ಹುಚ್ಚನೇ ಇರಲಿ, ತಮ್ಮ ಜಾದೂ ನೋಡಿ ನಗದೆ ಬಾಯಿ ತೆರೆದು ಕೂಡಬೇಕು. ಇದೊಂದೇ ಆಸೆ. ಅದಕ್ಕಾಗಿ ಅವರು ಹೆಂಡತಿಗೆ ಕಾಣದಂತೆ ಒಂದು ಸಾಮಾನು ತಯಾರಿಸಿದ್ದರು. ಗಿಳಿ ಹಸಿರಿನ ಎರಡು ಖಣ ತಂದು ಒಂದರ ಮೇಲೊಂದು ಇಟ್ಟು, ಅಂಚು ಕೂಡಿಸಿ ಹೊಲಿದು, ನಡುವೆ ಒಂದು ಕಳ್ಳಕಿಸೆ ಮಾಡಿದ್ದರು. ಹಸಿರು ದಾರ ಸಿಗದೆ ಹೆಂಡತಿಯ ಡಬ್ಬಿಯಿಂದ ಹಳದಿ ದಾರ ಕದ್ದಿದ್ದರು. ನೋಡಿದವರಿಗೆ ಅದು ಒಂದೇ ಖಣ. ಸಾಮಾನು ಒಳಗೆ ಹೋದರೆ ಉಬ್ಬು ಕಾಣುವುದಿಲ್ಲ, ಝಾಡಿಸಿದರೆ ಬೀಳುವುದಿಲ್ಲ. ಒಂದು ಮೂಲೆ ಹಿಡಿದು ಎಳೆದರೆ ಮಾತ್ರ ಕಿಸೆ ಬಾಯಿ ಬಿಡುತ್ತದೆ. ಅವರ ಜನ್ಮದಲ್ಲಿ ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ.

ಆ ಆಸೆ ತೀರುವ ದಿನ ಬಂತು. ಬರಬಾರದ ದಿನವೇ ಬಂತು.

ಮಗಳು ಅಂಕಿತಾ ಮತ್ತು ಲಕ್ಷ್ಮೇಶ್ವರದ ವೀರೇಶ ಗದಗಿನ ಒಂದೇ ಬ್ಯಾಂಕಿನಲ್ಲಿ ಕೆಲಸ ಮಾಡುತ್ತ ಒಬ್ಬರನ್ನೊಬ್ಬರು ಒಪ್ಪಿಕೊಂಡಿದ್ದರು. ಉಳಿದದ್ದು ಹಿರಿಯರು ಒಪ್ಪುವುದು. ವೀರೇಶನ ತಂದೆ ಅಂದಾನಪ್ಪನವರದು ಮೆಣಸಿನಕಾಯಿ ದಲಾಲಿ ಅಂಗಡಿ. ಅವರು ನಕ್ಕಿದ್ದನ್ನು ಕಂಡವರಿಲ್ಲ. ಮದುವೆಯ ಫೋಟೋದಲ್ಲಿ ಕೂಡ, ದರ ಬಿದ್ದ ದಿನದ ಮುಖ ಮಾಡಿಕೊಂಡು ನಿಂತಿದ್ದಾರೆ. ಮಕ್ಕಳು ಕೆಡುತ್ತಾರೆಂದು ಮನೆಗೆ ಟಿ.ವಿ.ಯನ್ನೇ ತರದ ಆಸಾಮಿ.

"ಅಪ್ಪಾ, ಕೈ ಮುಗೀತೀನಿ. ಅವರ ಮುಂದ ಜಾದೂ ಗೀದೂ ಬ್ಯಾಡ" ಎಂದು ಅಂಕಿತಾ ಬೆಳಿಗ್ಗೆಯೇ ಹೇಳಿದ್ದಳು.

"ಛೇ, ನನಗಷ್ಟ ತಿಳಿಯೂದಿಲ್ಲನವಾ?" ಎಂದರು ಉಳವಪ್ಪನವರು. ಖಣ ಆಗಲೇ ಅವರ ಜೇಬಿನಲ್ಲಿತ್ತು.

ಅಂದಾನಪ್ಪನವರು ಹೆಂಡತಿ ನೀಲವ್ವನೊಂದಿಗೆ ಬಂದರು. ನೀಲವ್ವನ ತಂಗಿ, ಶಿರಹಟ್ಟಿಗೆ ಕೊಟ್ಟ ಕಾಂಚನಾ, ಹೇಳದೆ ಕೇಳದೆ ಜೊತೆಗೆ ಬಂದಿದ್ದಳು. ಆಕೆ ಹೊಸ್ತಿಲಲ್ಲೇ "ಅಯ್ಯ, ದುಂಡಪ್ಪ!" ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಅಂದಾನಪ್ಪನವರು ಮಾತ್ರ ಎರಡೂ ಕೈ ಜೋಡಿಸಿ, "ಶರಣ್ರಿ" ಅಂದರು. ತಲೆ ಮೇಲೆ ಕೈ ಇಲ್ಲ, ಕೂಗಿಲ್ಲ. ಉಳವಪ್ಪನವರು ತಾವೇ ಜಮಖಾನೆ ಝಾಡಿಸಿ ಅವರನ್ನು ಕೂಡಿಸಿದರು.

"ನೀವು ಟಿ.ವಿ.ಯಾಗ ಏನೋ ಮಾಡ್ತಿದ್ರಂತ. ನಾ ನೋಡಿಲ್ಲ. ಏನ ಮಾಡ್ತಿದ್ರಿ?" ಅಂದಾನಪ್ಪನವರು ಕೇಳಿದರು.

"ಅದೇನಿಲ್ರಿ. ನಾ ಖರೆ ಅಂದ್ರ ಜಾದೂಗಾರ" ಎಂಬ ಮಾತು ಉಳವಪ್ಪನವರ ಬಾಯಿಂದ ಹೊರಬಿತ್ತು. ಅಡುಗೆಮನೆಯ ಬಾಗಿಲಲ್ಲಿ ಅಂಕಿತಾ ಕಣ್ಣು ಮುಚ್ಚಿಕೊಂಡಳು.

"ಹೌದ್ರಿ? ಒಂದ ಮಾಡಿ ತೋರಸ್ರಿ ಹಂಗಾರ" ಎಂದು ಅಂದಾನಪ್ಪನವರು ಬೆರಳಿನಿಂದ ಕೆಂಪು ಹರಳಿನ ಉಂಗುರ ತೆಗೆದುಕೊಟ್ಟರು. "ಹುಷಾರ್ರಿ. ನಮ್ಮ ಅಪ್ಪಂದು. ನಿಶ್ಚಯದ ದಿನ ಇದನ್ನ ವೀರೇಶನ ಬೆರಳಿಗೆ ಹಾಕಬೇಕು. ಇದ ಇಲ್ಲಾಂದ್ರ ನಮ್ಮ ಮನ್ಯಾಗ ನಿಶ್ಚಯ ಆದ್ಹಂಗ ಅಲ್ಲ."

ಉಳವಪ್ಪನವರು ಉಂಗುರವನ್ನು ಖಣದಲ್ಲಿ ಸುತ್ತಿದರು, ಏನೋ ಗುನುಗಿದರು, ಖಣವನ್ನು ಝಾಡಿಸಿದರು. ಉಂಗುರ ಇಲ್ಲ! ಅಂದಾನಪ್ಪನವರ ಬಾಯಿ ತೆರೆಯಿತು. ನಗುವುದಕ್ಕಲ್ಲ. ತೆರೆದದ್ದು ತೆರೆದೇ ಉಳಿಯಿತು. ಉಳವಪ್ಪನವರಿಗೆ ಆ ಬಾಯಿಯನ್ನು ಎಷ್ಟು ಹೊತ್ತು ನೋಡಿದರೂ ಸಾಲದು. ಅಷ್ಟು ಸುಂದರವಾದ ದೃಶ್ಯವನ್ನು ಅವರು ಅಲ್ಲಿಯವರೆಗೆ ಕಂಡಿರಲಿಲ್ಲ. ಉಂಗುರವನ್ನು ಅಲ್ಲೇ ತೆಗೆದುಕೊಟ್ಟಿದ್ದರೆ ಈ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

"ಹೋಳಿಗಿ ಆರಾಕತ್ಯಾವು, ಏಳ್ರಿ" ಎಂದು ಹೆಂಡತಿ ಸುಮಿತ್ರವ್ವ ಕರೆದಳು.

"ನಡೀರಿ ಬೀಗರ. ಊಟ ಆಗೂದ್ರಾಗ ಅದು ತಾನ ಬರತೈತಿ" ಎಂದು ಉಳವಪ್ಪನವರು ಬಿಗುಮಾನದಿಂದ ಎದ್ದರು. ಅವರ ಕೈ ತನ್ನಷ್ಟಕ್ಕೆ ತಾನೇ ಖಣವನ್ನು ಅಂಗಡಿಯಲ್ಲಿ ಮಡಚುವಂತೆ ಮೂಲೆಗೆ ಮೂಲೆ ಕೂಡಿಸಿ, ಅಂಗೈಯಿಂದ ತೀಡಿ, ಹೊಸದರಂತೆ ಗೋಡೆಯ ಗೂಡಿನಲ್ಲಿ ಇಟ್ಟಿತು. ಬಟ್ಟೆ ಕೈಗೆ ಸಿಕ್ಕರೆ ಮಡಚಿಡುವುದು ಅಂಗಡಿ ಕಲಿಸಿದ ಚಟ.

ಊಟವಾಯಿತು. ಹೆಂಗಸರ ಉಡಿ ತುಂಬುವ ಶಾಸ್ತ್ರವೂ ಆಯಿತು. ಉಳವಪ್ಪನವರು ಕೈ ಒರೆಸಿಕೊಳ್ಳುತ್ತ ಬಂದು ಗೂಡಿಗೆ ಕೈ ಹಾಕಿದರು. ಗೂಡು ಖಾಲಿ. ಕೆಳಗೆ ನೋಡಿದರು, ಜಮಖಾನೆ ಎತ್ತಿದರು, ತಮ್ಮ ಕಿಸೆ ಮುಟ್ಟಿಕೊಂಡರು. ಎರಡೂ ಕೈ ತಾವಾಗಿ ತಲೆಯ ಮೇಲೆ ಏರಿದವು.

"ಇಲ್ಲೇ ಇತ್ತಲ್ರೀ!"

ಮನೆಗೆ ಮನೆಯೇ ಗೊಳ್ಳೆಂದಿತು. ಹೋಳಿಗೆ ಬಡಿಸಲು ಬಂದಿದ್ದ ನೆರೆಯವರು ಬಾಗಿಲಿಗೆ ಒರಗಿ ನಕ್ಕರು. ಕಾಂಚನಾ ನಕ್ಕ ರಭಸಕ್ಕೆ ಅವಳ ಉಡಿಯಲ್ಲಿದ್ದ ತೆಂಗಿನಕಾಯಿ ಉರುಳಿ ಹೊರಗೆ ಬಿತ್ತು. ಅಂದಾನಪ್ಪನವರು ಮಾತ್ರ ಒಬ್ಬೊಬ್ಬರ ಮುಖವನ್ನೂ ನೋಡಿದರು.

"ಇದರಾಗ ನಗೂದು ಏನೈತಿ? ಉಂಗರ ಎಲ್ಲೈತ್ರಿ?"

ಆ ಒಂದು ಗಳಿಗೆಯಲ್ಲಿ ಉಳವಪ್ಪನವರು 'ಖಣ ಕಳೆದಿದೆ, ಹುಡುಕೋಣ' ಎಂದಿದ್ದರೆ ಸಾಕಾಗಿತ್ತು. ಆದರೆ ಜೀವನದಲ್ಲಿ ಮೊದಲ ಸಲ ಸಿಕ್ಕ ಆ ತೆರೆದ ಬಾಯಿಯನ್ನು ಮುಚ್ಚಿಸಲು ಮನಸ್ಸು ಬರಲಿಲ್ಲ. "ಬೀಗರ, ಇದು ದೊಡ್ಡ ಜಾದೂ. ನಿಶ್ಚಯದ ದಿನ, ನಿಮ್ಮ ಮನ್ಯಾಗ, ಎಲ್ಲಾರ ಮುಂದ ಉಂಗರ ತಾನ ಬರತೈತಿ" ಎಂದುಬಿಟ್ಟರು.

ಅಂದಾನಪ್ಪನವರು ಬೆರಳಿನ ಮೇಲಿನ ಉಂಗುರದ ಗುರುತನ್ನು ತಿಕ್ಕಿಕೊಂಡರು. "ಆತ್ರಿ. ನೀವು ದೊಡ್ಡವರು ಹೇಳಾಕತ್ತೀರಿ. ಸೋಮವಾರ ನಿಶ್ಚಯ. ಉಂಗರ ಬಂದ್ರ ಆತು. ಬರಲಿಲ್ಲಂದ್ರ ನಿಶ್ಚಯ ಇಲ್ಲ."

ಬೀಗರ ಗಾಡಿ ಓಣಿ ದಾಟಿದ ಮೇಲೆ ಸುಮಿತ್ರವ್ವ ಸಮಾಧಾನವಾಗಿ, "ಗೂಡ್ನಾಗಿನ ಹಸರ ಖಣಾನ? ನೀಲವ್ವಗ ಒಂದ ತೆಗದಿಟ್ಟಿದ್ನಿ. ಕಾಂಚನಾನೂ ಬಂದಬಿಟ್ಲು. ಕೈಗೆ ಸಿಕ್ಕಿದ್ದ ಆಕಿ ಉಡಿಗೆ ಹಾಕಿದೆ" ಎಂದಳು.

ಉಳವಪ್ಪನವರು ಕಟ್ಟೆಯ ಮೇಲೆ ಕುಸಿದು ಕೂತು ಕಳ್ಳಕಿಸೆಯ ಕಥೆ ಹೇಳಿದರು. "ಜಲ್ದಿ ಫೋನ್ ಹಚ್ಚ ಆಕಿಗೆ!"

"ಏನಂತ? ಉಡ್ಯಾಗ ಹಾಕಿದ್ದನ್ನ ವಾಪಸ್ ಕೊಡ ಅಂತ? ಮಗಳ ನಿಶ್ಚಯದ ಹೊತ್ತಿನ್ಯಾಗ ಮುತ್ತೈದಿ ಉಡಿಗೆ ಕೈ ಹಾಕೂದಾ? ಅಪಶಕುನ ಆಗತೈತಿ. ನಾ ಇರೂತನಕ ಅದು ಆಗೂದಿಲ್ಲ."

"ಮತ್ತ ಉಂಗರ?"

"ಮಾಯ ಮಾಡಿದವರು ನೀವು. ನೀವ ತರ್ರಿ."

ಅಂಕಿತಾ ಬೈಯಲಿಲ್ಲ. ಸುಮ್ಮನೆ ತಾಟುಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬೈದಿದ್ದರೆ ಚೆನ್ನಾಗಿತ್ತು ಎಂದು ಉಳವಪ್ಪನವರಿಗೆ ಅನ್ನಿಸಿತು. ಮಗಳ ಬಾಳಿಗೆ ತಾವೇ ಅಡ್ಡ ಬಂದ ದುಃಖ ಅವರನ್ನು ಆ ರಾತ್ರಿಯೆಲ್ಲ ಮಲಗಗೊಡಲಿಲ್ಲ.

ಇಲ್ಲಿ ಖಣದ ಕಾಯಿದೆಯನ್ನು ಸ್ವಲ್ಪ ಹೇಳಬೇಕು. ಉಡಿಗೆ ಬಂದ ಖಣದಲ್ಲಿ ಯಾರೂ ಕುಬಸ ಹೊಲಿಸುವುದಿಲ್ಲ. ಅದು ಟ್ರಂಕಿನಲ್ಲಿ ವಿಶ್ರಾಂತಿ ಪಡೆದು, ಮಡಿಕೆ ಬಿಚ್ಚದೆ, ಮುಂದಿನ ಮುತ್ತೈದೆಯ ಉಡಿಗೆ ಹೋಗುತ್ತದೆ. ಅಲ್ಲಿಂದ ಇನ್ನೊಂದು ಟ್ರಂಕು, ಇನ್ನೊಂದು ಉಡಿ. ಗದಗ ಸೀಮೆಯಲ್ಲಿ ಕೆಲವು ಖಣಗಳು ಬಸ್ ಕಂಡಕ್ಟರುಗಳಿಗಿಂತ ಹೆಚ್ಚು ಊರು ನೋಡಿವೆ. ಇದು ಎಲ್ಲ ಹೆಂಗಸರಿಗೂ ಗೊತ್ತು. ಆದರೆ 'ನಾನು ಮುಂದೆ ದಾಟಿಸಿದೆ' ಎಂದು ಒಬ್ಬಳೂ ಒಪ್ಪಿಕೊಳ್ಳುವುದಿಲ್ಲ. ಒಪ್ಪಿಕೊಂಡರೆ ಕೊಟ್ಟವರಿಗೆ ಅವಮಾನ, ದಾಟಿಸಿದವಳಿಗೆ ಮಾನಭಂಗ. ಬದುಕೆಲ್ಲ ಖಣ ಮಾರಿದ ಉಳವಪ್ಪನವರಿಗೆ ಖಣದ ದರ ಗೊತ್ತಿತ್ತು, ಈ ಕಾಯಿದೆ ಗೊತ್ತಿರಲಿಲ್ಲ.

ಒಂದು ದಿನ ಧೈರ್ಯ ತಂದುಕೊಳ್ಳುವುದರಲ್ಲೇ ಹೋಯಿತು. ಮರುದಿನ ಅವರು ಚೀಲದಲ್ಲಿ ಒಂದು ಭಾರಿ ಖಣ ಇಟ್ಟುಕೊಂಡು ಶಿರಹಟ್ಟಿಗೆ ಹೋದರು. ಕಾಂಚನಾಳ ಮನೆಯಲ್ಲಿ ನೀರು ಕುಡಿದು, "ತಂಗೀ, ನಿಮಗ ಕೊಟ್ಟ ಹಸರ ಖಣದ ಬಣ್ಣ ಬಿಡತೈತಂತ. ಬದಲಿ ಕೊಡಾಕ ಬಂದೀನಿ. ಅದನ್ನ ಇತ್ತ ಕೊಡ್ರಿ" ಎಂದರು.

ಕಾಂಚನಾಳ ಮುಖ ಒಮ್ಮೆ ಬಿಳಿಚಿತು. ಮರುಗಳಿಗೆ ಸರಿಯಾಯಿತು. "ಬಣ್ಣ ಬಿಟ್ರ ಬಿಡ್ಲಿ ಬಿಡ್ರಿ ಅಣ್ಣಾರ. ಪ್ರೀತೀಲೆ ಕೊಟ್ಟದ್ದು. ನಾ ಆಗಲೇ ಕುಬಸ ಹೊಲಿಸಾಕ ಹಾಕೀನಿ. ನಿಶ್ಚಯಕ್ಕ ಅದನ್ನ ತೊಟ್ಕೊಂಡ ಬರತೀನಿ."

"ಹೊಲಿಸಾಕ? ಯಾರ ಕಡೆ?" ಉಳವಪ್ಪನವರು ಎದ್ದು ನಿಂತರು.

"ಬಸ್ ಸ್ಟ್ಯಾಂಡ್ ಕಡೆ ಶಫೀಕ ಟೇಲರ್ ಅದಾರಲ್ರಿ, ಅವರ ಕಡೆ."

ಕಳ್ಳಕಿಸೆಗೆ ಕತ್ತರಿ ಬೀಳುವ ಚಿತ್ರ ಕಣ್ಣಿಗೆ ಕಟ್ಟಿ ಉಳವಪ್ಪನವರು ಚಪ್ಪಲಿ ಕೈಯಲ್ಲಿ ಹಿಡಿದುಕೊಂಡೇ ಓಡಿದರು. ಶಫೀಕನ ಅಂಗಡಿಯ ಮೆಟ್ಟಿಲಲ್ಲಿ ನಿಂತು, ಇಡೀ ಬಸ್ ಸ್ಟ್ಯಾಂಡಿಗೆ ಕೇಳುವಂತೆ, "ಖಣಕ್ಕ ಕತ್ತರಿ ಹಾಕಬ್ಯಾಡ್ರೀ! ಆ ಖಣ ನನಗ ಬೇಕ್ರೀ!" ಎಂದು ಕೂಗಿದರು. ಬಸ್ಸಿಗೆ ಕಾದು ನಿಂತಿದ್ದ ಹೆಂಗಸರು ಸೆರಗು ಬಿಗಿ ಮಾಡಿಕೊಂಡರು.

ಶಫೀಕ ಶಾಲೆಯ ಚಡ್ಡಿಗೆ ಗುಂಡಿ ಹಚ್ಚುತ್ತಿದ್ದ. ತಲೆಯೆತ್ತಿ ನೋಡಿ ಸೂಜಿ ಕೈಬಿಟ್ಟ. "ಅರೆ, ದುಂಡಪ್ಪ ಸಾಹೇಬ್ರು! ಬರ್ರಿ, ಕುಂಡ್ರಿ! ಒಮ್ಮೆ ಅನ್ರಿ, ಇಲ್ಲೇ ಇತ್ತಲ್ರೀ!"

"ಶಫೀಕಭಾಯಿ, ಕಾಂಚನಾ ಅನ್ನೋರು ಒಂದ ಹಸರ ಖಣ ಕೊಟ್ಟಾರಲ್ಲ, ಉಡ್ಯಾಗ ಬಂದಿದ್ದು..."

"ಉಡ್ಯಾಗಿನ ಖಣ ಹೊಲಿಸಾಕ?" ಶಫೀಕ ಕಣ್ಣೀರು ಬರುವಷ್ಟು ನಕ್ಕ. "ಏನ ಮಜಾಕ ಮಾಡ್ತೀರಿ! ನಮ್ಮ ಅಜ್ಜನ ಕಾಲದಿಂದ ಅಂಗಡಿ ಐತ್ರಿ. ಉಡಿ ಖಣ ಇಲ್ಲೀತನಕ ಈ ಮೆಟ್ಟಲ ಹತ್ತಿಲ್ಲ."

ಅಷ್ಟರಲ್ಲಿ ಅವನ ಫೋನು ರಿಂಗಾಯಿತು. ಎರಡೂ ಕೈಯಲ್ಲಿ ಚಡ್ಡಿ ಇದ್ದುದರಿಂದ ಅವನು ಮೊಣಕೈಯಿಂದ ಒತ್ತಿ ಸ್ಪೀಕರಿಗೆ ಹಾಕಿದ. ಕಾಂಚನಾಳ ದನಿ ಅಂಗಡಿ ತುಂಬಿತು. "ಶಫೀಕಣ್ಣಾ, ದುಂಡಪ್ಪ ಅಲ್ಲಿಗೆ ಬರಾಕತ್ತಾನ. ಹಸರ ಖಣ ನಿನ್ನ ಕಡೆ ಐತಿ ಅಂತ ಹೇಳಪಾ. ನಿನ್ನೆ ತವರಮನಿಗೆ ಹೋದಾಗ ಅದನ್ನ ಬಾಜೂಮನಿ ಫಕ್ಕೀರವ್ವನ ಉಡಿಗೆ ಹಾಕಿ ಬಂದೀನಿ. ಗೊತ್ತಾದ್ರ ಬೀಗರ ಮುಂದ ನನ್ನ ಮಾನ ಹೋಗತೈತಿ."

ಶಫೀಕ ಫೋನು ನೋಡಿದ, ಉಳವಪ್ಪನವರನ್ನು ನೋಡಿದ. "ಆತಕ್ಕಾ, ಹೇಳತೀನಿ" ಎಂದು ಫೋನಿಟ್ಟು, ಗಂಭೀರವಾಗಿ, "ಖಣ ನನ್ನ ಕಡೆ ಐತ್ರಿ" ಎಂದ. ಮಾತಿಗೆ ತಪ್ಪದ ಮನುಷ್ಯ.

ಕಾಂಚನಾಳ ತವರು ಮುಂಡರಗಿ. ಸಿಕ್ಕ ಬಸ್ಸು ಹತ್ತಿ ಉಳವಪ್ಪನವರು ಹೊರಟರು. ಆದರೆ ಅವರಿಗಿಂತ ಮೊದಲೇ ಶಿರಹಟ್ಟಿ ಬಸ್ ಸ್ಟ್ಯಾಂಡಿನ ಹೆಂಗಸರ ಮಾತು ವಾಟ್ಸಾಪಿನಲ್ಲಿ ಮುಂಡರಗಿ ಮುಟ್ಟಿತ್ತು. 'ಬಿಳಿ ಅಂಗಿ ಹಾಕಿದ ಒಬ್ಬ ಮುದುಕ ಊರೂರು ತಿರುಗಿ ಹೆಂಗಸರಿಗೆ ಖಣ ಕೇಳುತ್ತಾನೆ. ಕೊಡಲಿಲ್ಲಂದರೆ ಚೀರುತ್ತಾನೆ. ಎಲ್ಲರಿಗೂ ಕಳಿಸಿರಿ.' ಎಲ್ಲರೂ ಎಲ್ಲರಿಗೂ ಕಳಿಸಿದ್ದರು. ಮುಂಡರಗಿಯಲ್ಲಿ ಇಳಿದ ಉಳವಪ್ಪನವರು ಬಾಳೆಹಣ್ಣಿನ ಗಾಡಿಯ ಮುದುಕಿಗೆ, "ಯವ್ವಾ, ಖಣದ ಸಲುವಾಗಿ ಬಂದೀನಿ. ಫಕ್ಕೀರವ್ವನ ಮನಿ..." ಅನ್ನುವಷ್ಟರಲ್ಲಿ ಮುದುಕಿ, "ಬಂದ ನೋಡ್ರೋ!" ಎಂದು ಊರು ಕೂಡಿಸಿದಳು.

ಹವಾಲ್ದಾರ ಹೊನ್ನೇಶ ಬಂದು ಅವರನ್ನು ಗುಂಪಿನಿಂದ ಬಿಡಿಸಿ ಠಾಣೆಗೆ ಕರೆದೊಯ್ದು ಬೆಂಚಿನ ಮೇಲೆ ಕೂಡಿಸಿದ.

"ಏನ್ರಿ ಹಿರ್ಯಾರ, ಈ ವಯಸ್ಸಿನ್ಯಾಗ ಇದೆಂಥಾ ಚಾಳಿ? ಏನ ಉದ್ಯೋಗ ನಿಮ್ದು?"

"ಜಾದೂಗಾರ್ರಿ."

"ಹೆಂಗಸರ ಖಣದಾಗ ಏನ ಜಾದೂ?"

"ಸಾಹೇಬ್ರ, ಅದರಾಗ ಉಂಗರ ಐತ್ರಿ. ಗೂಡಿನ್ಯಾಗ ಇಟ್ಟಿದ್ನಿ. ಊಟ ಮಾಡಿ ಬಂದು ನೋಡತೀನಿ, ಖಣಾನ ಇಲ್ಲ!" ಉಳವಪ್ಪನವರು ನಡೆದದ್ದನ್ನು ನಡೆದಂತೆ ಹೇಳುವ ಭರದಲ್ಲಿ ಎರಡೂ ಕೈ ತಲೆಗೆ ಒಯ್ದರು.

ಹೊನ್ನೇಶ ಟೋಪಿ ತೆಗೆದು ಮೇಜಿನ ಮೇಲೆ ಇಟ್ಟ. "ದುಂಡಪ್ಪ! ಅಲ್ಲನ್ರಿ? ನಮ್ಮವ್ವಗ ನೀವಂದ್ರ ಜೀವ!" ಎಂದವನೇ ತಾಯಿಗೆ ವಿಡಿಯೋ ಕಾಲ್ ಹಚ್ಚಿ ಫೋನನ್ನು ಉಳವಪ್ಪನವರ ಮುಖಕ್ಕೆ ಹಿಡಿದ. "ಅವ್ವಾ, ಯಾರ ಸಿಕ್ಕಾರ ನೋಡ! ಅನ್ರಿ, ಅನ್ರಿ, ಒಮ್ಮೆ ಅನ್ರಿ." ಆರೋಪಿಗೆ ಬೇರೆ ದಾರಿ ಇರಲಿಲ್ಲ. ಅಂದರು. ಠಾಣೆಯ ಸಿಬ್ಬಂದಿ ಚಪ್ಪಾಳೆ ತಟ್ಟಿತು. "ಮನಿಗೆ ಕರಕೊಂಡ ಬಾರೋ, ರೊಟ್ಟಿ ಬಡೀತೀನಿ!" ಎಂದು ಫೋನಿನೊಳಗಿನ ಮುದುಕಿ ಕೂಗಿದಳು. ಹೊನ್ನೇಶ ಹೆಮ್ಮೆಯಿಂದ, "ಫಕ್ಕೀರವ್ವ ಅಂತ್ರಿ, ನಮ್ಮವ್ವ" ಎಂದ.

ಉಳವಪ್ಪನವರಿಗೆ ಅಳುವುದೋ ನಗುವುದೋ ತಿಳಿಯಲಿಲ್ಲ.

ಫಕ್ಕೀರವ್ವ ಸುಳ್ಳು ಹೇಳುವವಳಲ್ಲ. ಬಿಸಿ ರೊಟ್ಟಿ, ಎಣ್ಣೆಗಾಯಿ ಬಡಿಸುತ್ತ ನೇರವಾಗಿ ಹೇಳಿದಳು. "ಹಸರ ಖಣ ಬಂದಿತ್ತಪಾ. ಕಾಂಚನಾ ಹಾಕಿದ್ಲು. ನಾ ಇಟ್ಕೊಂಡು ಏನ ಮಾಡ್ಲಿ? ಇವತ್ತ ಮುಂಜಾನೆ ಆಕಿ ಅಕ್ಕ ನೀಲವ್ವ ನಿಶ್ಚಯಕ್ಕ ಹೇಳಾಕ ಬಂದಿದ್ಲು. ನನ್ನ ಕಣ್ಮುಂದ ಬೆಳದ ಹುಡುಗಿ. ಬರೇ ಉಡೀಲೆ ಕಳಸೂದು ಹೆಂಗ? ಅದನ್ನ ಆಕಿಗೆ ಹಾಕಿ ಕಳಿಸಿದೆ."

ಮುರಿದ ರೊಟ್ಟಿಯನ್ನು ಉಳವಪ್ಪನವರು ತಾಟಿಗೆ ಮರಳಿ ಇಟ್ಟರು. ಖಣ ಅಂದಾನಪ್ಪನವರ ಮನೆಯಲ್ಲಿ! ನೀಲವ್ವನ ಟ್ರಂಕಿನಲ್ಲಿ! ಇನ್ನು ಕೇಳುವುದಕ್ಕೂ ದಾರಿಯಿಲ್ಲ, ಕೇಳಿದರೆ ಬೀಗರಿಗೇ ಗುಟ್ಟು ತಿಳಿಯುತ್ತದೆ. ಮಗಳು ನೆನಪಾದಳು. ತಾಟಿನ ಮುಂದೆಯೇ ಅವರ ಕಣ್ಣಿನಿಂದ ದಳದಳ ನೀರು ಇಳಿಯಿತು.

ಫಕ್ಕೀರವ್ವ ಮಗನನ್ನು ತಿವಿದಳು. "ನೋಡೋ, ನೋಡೋ! ಅಳೂದೂ ಎಷ್ಟ ಚಂದ ಮಾಡ್ತಾರ!"

ಸೋಮವಾರ ಬಂತು. ಲಕ್ಷ್ಮೇಶ್ವರದ ಮನೆಯ ಪಡಸಾಲೆ ತುಂಬಿತ್ತು. ಕಾಂಚನಾ ಬೇರೊಂದು ಹಸಿರು ಕುಬಸ ತೊಟ್ಟು ಬಂದಿದ್ದಳು. ಫಕ್ಕೀರವ್ವ ಮುಂದಿನ ಸಾಲಿನಲ್ಲಿದ್ದಳು. ಅಂಕಿತಾ ಮಣೆಯ ಮೇಲೆ ತಲೆ ತಗ್ಗಿಸಿ ಕೂತಿದ್ದಳು. ಉಳವಪ್ಪನವರು ರಾತ್ರಿಯೇ ನಿರ್ಧಾರ ಮಾಡಿದ್ದರು, ಎಲ್ಲರ ಮುಂದೆ ತಪ್ಪು ಒಪ್ಪಿಕೊಂಡು ಕಾಲಿಗೆ ಬೀಳುವುದು, ಮಗಳ ಬಾಳು ಉಳಿದರೆ ಉಳಿಯಲಿ.

"ಬೀಗರ, ಮೊದಲ ಉಂಗರ ಬರ್ಲಿ" ಎಂದರು ಅಂದಾನಪ್ಪನವರು.

ಉಳವಪ್ಪನವರು ಎದ್ದು ನಿಂತರು. "ನಾ ಸುಳ್ಳ ಹೇಳೀನ್ರಿ. ಉಂಗರ ತಾನ ಬರೂದಿಲ್ಲ. ನನಗ ದೊಡ್ಡ ಜಾದೂ ಏನೂ ಬರೂದಿಲ್ಲ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನಗಬ್ಯಾಡ್ರಿ! ಖರೇನ ಹೇಳತೀನಿ!"

ನಗು ಮುಂದಿನ ಸಾಲಿಗೂ ಹಬ್ಬಿತು. ಅವರ ದನಿ ನಡುಗಿದಷ್ಟೂ ಜನ ನಕ್ಕರು. "ಹಳೇ ಹುಲಿ!" ಎಂದು ಒಬ್ಬರು ಮೆಚ್ಚಿದರು. ಅಂದಾನಪ್ಪನವರ ಹುಬ್ಬು ಗಂಟಾಗುತ್ತ ಬಂತು.

ಗಂಡಸರ ಮಾತಿಗೆ ಹೆಂಗಸರ ಶಾಸ್ತ್ರ ನಿಲ್ಲುವುದಿಲ್ಲ. ಅತ್ತ ನೀಲವ್ವ ಬೀಗತಿಯ ಉಡಿ ತುಂಬತೊಡಗಿದ್ದಳು. ಸುಮಿತ್ರವ್ವ ಸೆರಗು ಒಡ್ಡಿ ಕೂತಿದ್ದಳು. ಅಕ್ಕಿ ಬಿತ್ತು, ಕಾಯಿ ಬಿತ್ತು, ಅರಿಸಿನ ಕೊಂಬು ಬಿತ್ತು. ಮೇಲೆ ಒಂದು ಗಿಳಿ ಹಸಿರಿನ ಖಣ ಬಿತ್ತು. ಅದರ ಅಂಚಿನಲ್ಲಿ ಹಳದಿ ದಾರ. ತನ್ನ ಡಬ್ಬಿಯ ದಾರ ಸುಮಿತ್ರವ್ವನಿಗೆ ಗೊತ್ತಿಲ್ಲವೇ?

"ಏನ್ರಿ..." ಎಂದಳು ಅವಳು.

"ಸುಮ್ನಿರ ಸುಮಿತ್ರಾ. ತಪ್ಪ ಒಪ್ಕೋಳಾಕ ಬಿಡ ನನ್ನ."

"ಒಪ್ಕೋಬ್ಯಾಡ್ರೀ!" ಸುಮಿತ್ರವ್ವ ಪಡಸಾಲೆ ನಡುಗುವಂತೆ ಕೂಗಿದಳು. "ಉಂಗರ ಬರೂ ಹೊತ್ತ ಆಗೇತಿ!"

ಉಳವಪ್ಪನವರು ತಿರುಗಿ ನೋಡಿದರು. ಹೆಂಡತಿಯ ಉಡಿಯಲ್ಲಿ, ಅಕ್ಕಿಯ ಮೇಲೆ, ಊರೂರು ತಿರುಗಿಸಿದ ಖಣ ಮಡಿಕೆ ಮುರಿಯದೆ ಕೂತಿತ್ತು. ಮೇಕಪ್ಪಿನ ಅಝೀಮ ಕಲಿಸಿದ ವಿದ್ಯೆ ಕೈ ಬಿಡಲಿಲ್ಲ. "ಬೀಗರ, ಆ ಖಣ ನಾ ಮುಟ್ಟೂದಿಲ್ಲ. ನಿಮ್ಮ ಕೈಲೆ ಬಿಚ್ಚಿ ನೋಡ್ರಿ" ಎಂದರು.

ಸುಮಿತ್ರವ್ವ ತಾನೇ ತೆಗೆದುಕೊಟ್ಟಳು. ಅಂದಾನಪ್ಪನವರು ಬಿಚ್ಚಿದರು. ಏನೂ ಇಲ್ಲ. ಝಾಡಿಸಿದರು. ಏನೂ ಇಲ್ಲ.

"ಆ ಮೂಲಿ ಹಿಡದ ಎಳೀರಿ."

ಎಳೆದರು. ಆರತಿಯ ತಟ್ಟೆಯ ಮೇಲೆ ಠಣ್ ಎಂದು ಕೆಂಪು ಹರಳಿನ ಉಂಗುರ ಬಿತ್ತು.

ಪಡಸಾಲೆಯಲ್ಲಿ ಸದ್ದಿಲ್ಲ. ನಗುವವರ ಬಾಯಿಗಳು ನಗುವ ನಡುವೆಯೇ ತೆರೆದು ನಿಂತವು. ಅಂದಾನಪ್ಪನವರು ಹೆಂಡತಿಯ ಕಡೆ ತಿರುಗಿ, "ಈ ಖಣ ಎಲ್ಲೀದು?" ಎಂದರು.

"ನಮ್ದರಿ. ನಿನ್ನೆ ಅಂಗಡ್ಯಾಗ ಹೊಸಾದು ತಂದಿದ್ನಿ" ಎಂದಳು ನೀಲವ್ವ, ಕಣ್ಣು ಮಿಟುಕಿಸದೆ. ಕಾಂಚನಾ ಬಳೆ ಸರಿಮಾಡಿಕೊಳ್ಳತೊಡಗಿದಳು. ಸುಳ್ಳು ಹೇಳದ ಫಕ್ಕೀರವ್ವನನ್ನು ಯಾರೂ ಏನೂ ಕೇಳಲಿಲ್ಲವಾದ್ದರಿಂದ ಅವಳು ಮಾಳಿಗೆಯ ಜಂತಿ ನೋಡುತ್ತ ಕೂತಳು. ಜಾದೂಗಾರರು ಕೂಡ ಗುಟ್ಟನ್ನು ಅಷ್ಟು ಚೆನ್ನಾಗಿ ಕಾಯುವುದಿಲ್ಲ.

"ನನ್ನ ಹೆಂಡ್ತಿ ತಂದ ಹೊಸಾ ಖಣ. ನಮ್ಮ ಟ್ರಂಕಿನಾಗಿಂದು. ನೀವು ಮುಟ್ಟೇ ಇಲ್ಲ..." ಅಂದಾನಪ್ಪನವರ ದನಿ ಇಳಿಯಿತು. ಅವರು ಮೆಲ್ಲಗೆ ಎದ್ದು, ಕೈ ಜೋಡಿಸಿ, ಉಳವಪ್ಪನವರ ಪಾದದ ಕಡೆಗೆ ಬಾಗತೊಡಗಿದರು. ಅವರ ಹಿಂದೆ ಇನ್ನಿಬ್ಬರು ಎದ್ದರು.

ಬದುಕೆಲ್ಲ ಬೇಡಿದ್ದು ಇದೇ. ನಗದ ಜನ, ತೆರೆದ ಬಾಯಿಗಳು. ಅದು ಇಷ್ಟು ಭಯಂಕರವಾಗಿರುತ್ತದೆ ಎಂದು ಉಳವಪ್ಪನವರಿಗೆ ಯಾರೂ ಹೇಳಿರಲಿಲ್ಲ. ಓಣಿಯ ಕಟ್ಟೆಗಳೂ ಕೂಗುಗಳೂ ಒಮ್ಮೆಲೇ ನೆನಪಾಗಿ, ಅವೇ ತಮ್ಮ ಆಸ್ತಿ ಎಂದು ಅನ್ನಿಸಿತು. ಅವರು ಒಂದು ಹೆಜ್ಜೆ ಹಿಂದೆ ಸರಿದರು. ತಟ್ಟೆಯಲ್ಲಿನ ಉಂಗುರ ನೋಡಿದರು, ಹೆಂಡತಿಯ ಉಡಿ ನೋಡಿದರು. ಯಾರೂ ಕೇಳದೆ, ಯಾರೂ ಒತ್ತಾಯಿಸದೆ, ಎರಡೂ ಕೈ ತಲೆಯ ಮೇಲೆ ಹೊತ್ತು, ಕಣ್ಣು ಅಗಲಿಸಿದರು.

"ಇಲ್ಲೇ ಇತ್ತಲ್ರೀ!"

ಕ್ಷಣ ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಾಗಿದ ಅಂದಾನಪ್ಪನವರ ಬೆನ್ನು ಅಲುಗಿತು. ಒಳಗೆಲ್ಲೋ ಕೀಲಿ ತೆರೆದಂತೆ ಒಂದು ಸದ್ದು ಬಂತು. ಜನಕ್ಕೆ ಅದು ಕೆಮ್ಮು ಅನ್ನಿಸಿತು. ಅವರು ಮುಖ ಎತ್ತಿದಾಗ ತಿಳಿಯಿತು, ಅದು ನಗು. ನೀಲವ್ವ ಗಾಬರಿಯಿಂದ ನೀರು ತಂದಳು. ಪಡಸಾಲೆ ಒಮ್ಮೆಲೇ ಗೊಳ್ಳೆಂದಿತು. ಅಂಕಿತಾ ಅಳುತ್ತ ನಕ್ಕಳು. ಎಲ್ಲಿ ಅಪ್ಪನ ಮನಸ್ಸು ಬದಲಾಗುತ್ತದೋ ಎಂದು ವೀರೇಶ ತಾನೇ ಉಂಗುರ ಎತ್ತಿ ಬೆರಳಿಗೆ ಹಾಕಿಕೊಂಡ.

ಅಂದಾನಪ್ಪನವರು ಧೋತರದ ತುದಿಯಿಂದ ಕಣ್ಣು ಒರೆಸಿಕೊಂಡು ಉಳವಪ್ಪನವರ ಭುಜ ಹಿಡಿದರು. "ಬೀಗರ, ಇನ್ನೊಮ್ಮೆ ಅನ್ರಿ."

ಉಳವಪ್ಪನವರು ಇನ್ನೊಮ್ಮೆ ಅಂದರು.